ಓಕ್ ಮರದ ಪೊಟರೆಯಲ್ಲಿ ಸೋಪಿನ ಗೊಂಬೆಗಳು

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕೋರ್ಟು. ಮಾಡದ ತಪ್ಪಿಗೆ ಕಟಕಟೆ ಹತ್ತಿದ ಕಪ್ಪು ಜನಾಂಗದ ಟಾಮ್ ರಾಬಿನ್‌ಸನ್, ಅವನ ಪರ ನಿಂತ ವಕೀಲ ಆಟಿಕಸ್ ಫಿಂಚ್. 1962ರ ಸಿನಿಮಾದಲ್ಲಿ ಗ್ರೆಗರಿ ಪೆಕ್ ಆಟಿಕಸ್ ಆದ ಮೇಲಂತೂ ಆ ಚಿತ್ರವೇ ಮನಸ್ಸಿನಲ್ಲಿ ಅಚ್ಚೊತ್ತಿದೆ. ನನಗೆ ಮಾತ್ರ ಈ ಕಾದಂಬರಿಯ ಜೀವ ಇರುವುದು ರಾಡ್ಲಿ ಮನೆಯಂಚಿನ ಓಕ್ ಮರದ ಪೊಟರೆಯಲ್ಲಿ.

1930ರ ದಶಕ, ಅಮೆರಿಕದ ಅಲಬಾಮಾ ರಾಜ್ಯದ ಪುಟ್ಟ ಊರು ಮೇಕೋಂಬ್. ಆಟಿಕಸ್‌ನ ಮಗಳು ಸ್ಕೌಟ್ ಶಾಲೆಯಿಂದ ಬರುವಾಗ ಆ ಮನೆಯ ಮುಂದೆ ಓಡಿಯೇ ದಾಟುತ್ತಾಳೆ. ಒಳಗೆ ವರ್ಷಗಳಿಂದ ಹೊರಗೆ ಕಾಲಿಡದ ಆರ್ಥರ್ ಇದ್ದಾನೆ. ಊರಿಗೆಲ್ಲ ಅವನು ‘ಬೂ’. ಅಳಿಲು, ಬೆಕ್ಕುಗಳನ್ನು ಹಸಿಯಾಗಿ ತಿನ್ನುತ್ತಾನೆ, ಅಪ್ಪನ ಕಾಲಿಗೆ ಕತ್ತರಿ ಚುಚ್ಚಿದವನು ಎಂಬ ಗುಲ್ಲು. ಮಕ್ಕಳು ಅದನ್ನೇ ಬೀದಿಯಲ್ಲಿ ನಾಟಕವಾಡುತ್ತಾರೆ.

ಒಂದು ದಿನ ಪೊಟರೆಯಲ್ಲಿ ಏನೋ ಮಿಂಚುತ್ತದೆ. ಚೂಯಿಂಗ್ ಗಮ್. ಆಮೇಲೆ ಹಳೆಯ ನಾಣ್ಯಗಳು, ದಾರದ ಉಂಡೆ. ಅಣ್ಣ ಜೆಮ್‌ಗೆ ಮೊದಲು ಅನುಮಾನ, ಯಾರದೋ ಬಚ್ಚಿಟ್ಟ ವಸ್ತು ಇರಬೇಕೆಂದು. ಅಕ್ಟೋಬರಿನಲ್ಲಿ ಸೋಪಿನಲ್ಲಿ ಕೆತ್ತಿದ ಎರಡು ಗೊಂಬೆಗಳು ಸಿಗುತ್ತವೆ. ಒಂದು ಹುಡುಗ, ಒಂದು ಹುಡುಗಿ. ಮಾಟವೆಂದು ಹೆದರಿ ಸ್ಕೌಟ್ ಕೈಬಿಡುತ್ತಾಳೆ. ಜೆಮ್ ಎತ್ತಿಕೊಂಡು ನೋಡುತ್ತಾನೆ: ಹುಡುಗನಿಗೆ ಚಡ್ಡಿ, ಹುಬ್ಬಿನ ಮೇಲಿಳಿದ ಕೂದಲು, ಹುಡುಗಿಗೆ ಹಣೆಯ ಮೇಲೆ ಕತ್ತರಿಸಿದ ಮುಂಗೂದಲು. ಅವು ತಾವಿಬ್ಬರೇ!

ಇಷ್ಟು ಹೋಲಿಕೆ ಬರಬೇಕಾದರೆ ಕೆತ್ತಿದವನು ಮಕ್ಕಳನ್ನು ಎಷ್ಟು ದಿನ ನೋಡಿರಬೇಕು, ಎಷ್ಟು ಪ್ರೀತಿಯಿಂದ ನೋಡಿರಬೇಕು. ಕತ್ತರಿಯ ಕಥೆ ಅಂಟಿಕೊಂಡ ಅದೇ ಕೈ ಸೋಪಿನ ಮೇಲೆ ಮಗುವಿನ ಮುಂಗೂದಲು ಬಿಡಿಸಿದೆ. ಲೀ ಅವರ ದೊಡ್ಡತನವೆಂದರೆ ಆ ಕೈ ಕೆತ್ತುವುದನ್ನು ಅವರು ನಮಗೆ ತೋರಿಸುವುದೇ ಇಲ್ಲ. ಅದೇ ಅಧ್ಯಾಯದಲ್ಲಿ ಜೆಮ್ ಇನ್ನೊಂದು ಗುಟ್ಟು ಹೇಳುತ್ತಾನೆ. ರಾಡ್ಲಿ ಬೇಲಿಗೆ ಸಿಕ್ಕಿ ಬಿಟ್ಟುಬಂದಿದ್ದ ತನ್ನ ಪ್ಯಾಂಟು, ರಾತ್ರಿ ಮರಳಿ ಹೋದಾಗ ಮಡಿಚಿಟ್ಟಿತ್ತಂತೆ. ಹರಿದಲ್ಲಿ ಹೊಲಿಗೆಯೂ ಬಿದ್ದಿತ್ತು, ಸೊಟ್ಟಸೊಟ್ಟಾಗಿ, ಹೊಲಿದು ಅಭ್ಯಾಸವಿಲ್ಲದವರು ಹೊಲಿದಂತೆ.

ಮುಂದೆ ಸ್ಪೆಲ್ಲಿಂಗ್ ಸ್ಪರ್ಧೆಯ ಮಾಸಿದ ಪದಕ, ಸರಪಳಿಯಲ್ಲಿ ನಿಂತುಹೋದ ಗಡಿಯಾರ ಸಿಗುತ್ತವೆ. ಮಕ್ಕಳು ಧನ್ಯವಾದದ ಕಾಗದ ಬರೆದು ತಂದರೆ ಪೊಟರೆಗೆ ಸಿಮೆಂಟ್ ಮೆತ್ತಲಾಗಿದೆ. ಮರಕ್ಕೆ ರೋಗ ಎನ್ನುತ್ತಾನೆ ಆರ್ಥರ್‌ನ ಅಣ್ಣ ನೇಥನ್. ಎಲೆಗಳು ಹಸಿರಾಗಿವೆಯಲ್ಲ, ಮರ ಚೆನ್ನಾಗಿಯೇ ಇದೆ ಎನ್ನುತ್ತಾನೆ ಆಟಿಕಸ್. ಜೆಮ್ ಕತ್ತಲಾಗುವ ತನಕ ಜಗಲಿಯಲ್ಲೇ ನಿಲ್ಲುತ್ತಾನೆ; ಒಳಗೆ ಬಂದಾಗ ಅವನು ಅತ್ತಿದ್ದನ್ನು ಸ್ಕೌಟ್ ಗಮನಿಸುತ್ತಾಳೆ. ಟಾಮ್‌ನ ತೀರ್ಪು ಬರಲು ಇನ್ನೂ ಬಹಳ ಪುಟಗಳಿವೆ. ದೊಡ್ಡವರು ಸಲೀಸಾಗಿ ಸುಳ್ಳು ಹೇಳಿ ಅನ್ಯಾಯ ಮಾಡಬಲ್ಲರೆಂಬುದು ಆ ಹುಡುಗನಿಗೆ ಗೊತ್ತಾದದ್ದು ಇಲ್ಲಿ, ಕೋರ್ಟಿನಲ್ಲಲ್ಲ.

ಕೊನೆಗೆ ಮಕ್ಕಳ ಜೀವವನ್ನೇ ಉಳಿಸಿದವನೂ ಆರ್ಥರ್. ಅವನಿಗೆ ತಾವು ಏನನ್ನೂ ಮರಳಿ ಕೊಡಲಿಲ್ಲ ಎಂಬ ಕೊರಗು ಸ್ಕೌಟ್‌ಗೆ ಉಳಿಯುತ್ತದೆ. ಕೋರ್ಟಿನ ದೃಶ್ಯಕ್ಕಾಗಿ ಈ ಪುಸ್ತಕ ಓದಿದವರು ಇನ್ನೊಮ್ಮೆ ಏಳನೇ ಅಧ್ಯಾಯಕ್ಕೆ ಹೋಗಿ, ನಿಧಾನವಾಗಿ ಓದಿ.