ಪಿಕಪ್ ಗಾಡಿಯ ಎಂಜಿನ್ ಎಣ್ಣೆಯೂ ನಿತ್ಯದ ಆರೈಕೆಯೂ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದುದನ್ನು ಸಕಾಲದಲ್ಲಿ ಮಾರುಕಟ್ಟೆಗೆ ಸೇರಿಸುವುದೂ ಅಷ್ಟೇ ಮುಖ್ಯವಾದುದು. ಕೋಲಾರದ ಮಾರುಕಟ್ಟೆಗೆ ಹೋಗತಕ್ಕ ಟೊಮೇಟೊ, ರಾಮನಗರ ಶಿಡ್ಲಘಟ್ಟಗಳಿಗೆ ಹೋಗತಕ್ಕ ರೇಷ್ಮೆಗೂಡು, ಇವು ತಡವನ್ನು ಸಹಿಸುವ ಪದಾರ್ಥಗಳಲ್ಲ. ಹಣ್ಣು ಮೆತ್ತಗಾಗಿ ನೀರೊಡೆಯುತ್ತದೆ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಿಂದ ನೂಲು ಬಿಚ್ಚಲು ಬಾರದು. ಇಂತಹ ಸರಕನ್ನು ಸಾಗಿಸುವುದಕ್ಕಾಗಿ ಈಚಿನ ವರ್ಷಗಳಲ್ಲಿ ಅನೇಕ ಗ್ರಾಮಗಳ ಭೂಮಾಲೀಕರು ಸ್ವಂತ ಪಿಕಪ್ ಗಾಡಿಗಳನ್ನು ಇಟ್ಟುಕೊಂಡಿದ್ದಾರೆ. ಆದರೆ ಎತ್ತುಗಳಿಗೆ ಹುಲ್ಲು ನೀರು ನೋಡುವಷ್ಟು ಶ್ರದ್ಧೆಯಿಂದ ಗಾಡಿಯ ಆರೈಕೆಯನ್ನು ನೋಡುವವರು ವಿರಳ.

ಒಂದೂವರೆ ಟನ್ನು ಹೊರತಕ್ಕ ಗಾಡಿಯಲ್ಲಿ 15 ಕಿಲೋ ತೂಕದ 100 ಪೆಟ್ಟಿಗೆ ಟೊಮೇಟೊ ಹೇರಿಕೊಂಡು ರಾತ್ರಿ ಹೊರಟ ಗಾಡಿಯು ನಡುದಾರಿಯಲ್ಲಿ ಎಂಜಿನ್ ಸೀಜ್ ಆಗಿ ನಿಂತುಹೋಯಿತೆಂದು ಭಾವಿಸೋಣ. ಆಗ ಮಾಲೀಕನಿಗೆ ಒದಗುವ ನಷ್ಟ ಒಂದೇ ಅಲ್ಲ. ಬೇರೆ ಗಾಡಿಗೆ ಬಾಡಿಗೆ ತೆರಬೇಕು. ಬೆಳಗಿನ ಹರಾಜು ತಪ್ಪಿದ ಸರಕು ಸಿಕ್ಕಿದ ಬೆಲೆಗೆ ಹೋಗುತ್ತದೆ. ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚು ಬೀಳುತ್ತದೆ. ಗಾಡಿ ರಿಪೇರಿಯಲ್ಲಿ ನಿಂತಿರುವ ದಿನಗಳಲ್ಲಿಯೂ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಈ ಖರ್ಚಿನ ಮುಂದೆ ಒಂದು ಸಲದ ಎಣ್ಣೆಯ ಬೆಲೆಯೂ ಫಿಲ್ಟರಿನ ಬೆಲೆಯೂ ಕೂಡಿ ಅಲ್ಪ ಅಂಶವೇ ಸರಿ.

ಎಣ್ಣೆಯ ಕೆಲಸ

ಎತ್ತಿನ ಗಾಡಿಯ ಕಾಲದಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಆ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕುವ ಪದ್ಧತಿಯಿತ್ತು. ಅಚ್ಚು ಒಣಗಿದರೆ ಗಾಲಿ ಕಿರುಗುಟ್ಟುತ್ತಿತ್ತು. ಅದನ್ನು ಕೇಳಿ ಗಾಡಿ ಹೊಡೆಯುವವನು ಇಳಿದು ಎಣ್ಣೆ ಹಾಕುತ್ತಿದ್ದನು. ಎಂಜಿನ್ನಿನ ಸ್ವಭಾವ ಹಾಗಲ್ಲ. ಎಣ್ಣೆ ಸತ್ವಗುಂದಿದರೂ ಅದು ಬಹುಕಾಲ ಎಂದಿನಂತೆಯೇ ಓಡುತ್ತದೆ, ಒಳಗೊಳಗೇ ಸವೆಯುತ್ತದೆ. ಕಿವಿಗೆ ಬಡಿತ ಕೇಳಿಸುವ ವೇಳೆಗೆ ಬೇರಿಂಗುಗಳು ಹಾಳಾಗಿರುತ್ತವೆ. ಆದುದರಿಂದ ಕೀಲೆಣ್ಣೆಯನ್ನು ಕಿವಿಯಿಂದ ಕೇಳಿ ಹಾಕಬಹುದಾಗಿತ್ತು. ಎಂಜಿನ್ ಎಣ್ಣೆಯನ್ನು ಲೆಕ್ಕದಿಂದಲೇ ಹಾಕಬೇಕು.

ಈ ಎಣ್ಣೆಯು ಉಜ್ಜಾಟವನ್ನು ತಗ್ಗಿಸುವುದಲ್ಲದೆ, ಪಿಸ್ಟನ್ ಬೇರಿಂಗುಗಳ ಕಾವನ್ನು ಒಯ್ಯುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿ ಇಟ್ಟುಕೊಂಡು ಒಳಭಾಗವನ್ನು ಶುಚಿಯಾಗಿಡುತ್ತದೆ. ಪಿಸ್ಟನ್ ರಿಂಗುಗಳ ಸಂದನ್ನು ಮುಚ್ಚುತ್ತದೆ. ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಇದಕ್ಕಾಗಿ ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಕೆಲಸ ಮಾಡುತ್ತಾ ಮಾಡುತ್ತಾ ತೀರಿಹೋಗುತ್ತವೆ. ಆದುದರಿಂದ ಮಟ್ಟ ಸರಿಯಾಗಿದ್ದ ಮಾತ್ರಕ್ಕೆ ಎಣ್ಣೆ ಸರಿಯಾಗಿದೆಯೆಂದು ತಿಳಿಯಕೂಡದು. ಹಾಗೆಯೇ ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿರುವ ಗುರುತೇ ಹೊರತು ಕೆಟ್ಟಿತೆಂಬ ಗುರುತಲ್ಲ. ಬಣ್ಣ ನೋಡಿ ತೀರ್ಮಾನಿಸುವುದು ಎರಡು ಕಡೆಗೂ ತಪ್ಪು.

ಎಷ್ಟು ಕಾಲಕ್ಕೆ ಬದಲಾಯಿಸಬೇಕು

ಇದಕ್ಕೆ ಮೊದಲ ಪ್ರಮಾಣವು ಗಾಡಿಯೊಡನೆ ಬಂದ ಕೈಪಿಡಿ. ಅದರಲ್ಲಿ ಸಾಧಾರಣ ಬಳಕೆಗೆ ಒಂದು ಅಂತರವನ್ನೂ ಕಠಿನ ಬಳಕೆಗೆ ಅದಕ್ಕಿಂತ ಕಡಮೆಯಾದ ಅಂತರವನ್ನೂ ಹೇಳಿರುವುದುಂಟು. ಧೂಳಿನ ದಾರಿ, ತುಂಬು ಹೊರೆ, ಪದೇ ಪದೇ ನಿಲ್ಲಿಸಿ ಹೊರಡುವುದು, ಎಂಜಿನ್ ಪೂರಾ ಕಾಯುವ ಮೊದಲೇ ಮುಗಿಯುವ ಸಣ್ಣ ಪ್ರಯಾಣ, ನಿಂತಲ್ಲಿಯೇ ಓಡುವ ಎಂಜಿನ್, ಇವೆಲ್ಲವೂ ಕಠಿನ ಬಳಕೆಯ ಲಕ್ಷಣಗಳು. ತೋಟದಿಂದ ಊರಿಗೆ, ಊರಿನಿಂದ ಸಂತೆಗೆ ಓಡಾಡುವ ರೈತನ ಗಾಡಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಸೇರಿಯೇ ಇರುತ್ತವೆ. ಆದುದರಿಂದ ಆತನು ಎರಡನೆಯ ಅಂತರವನ್ನೇ ಅನುಸರಿಸತಕ್ಕದ್ದು.

ಕಿಲೋಮೀಟರಿನ ಲೆಕ್ಕವೊಂದೇ ಸಾಲದೆಂಬುದಕ್ಕೆ ಈ ಉದಾಹರಣೆಯನ್ನು ನೋಡಬಹುದು. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರಿನಂತೆ ಓಡುವ ಗಾಡಿಯು 10,000 ಕಿಲೋಮೀಟರು ಮುಗಿಸುವಾಗ ಎಂಜಿನ್ 200 ಗಂಟೆ ನಡೆದಿರುತ್ತದೆ. ಕಚ್ಚಾ ದಾರಿಯಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ ಓಡುವ ಗಾಡಿಯಲ್ಲಿ ಅದೇ ದೂರಕ್ಕೆ 500 ಗಂಟೆಯಾಗುತ್ತದೆ. ಮೀಟರು ಎರಡನ್ನೂ ಸಮವೆಂದು ತೋರಿಸಿದರೂ ಎರಡನೆಯ ಗಾಡಿಯ ಎಣ್ಣೆ ಎರಡೂವರೆ ಪಟ್ಟು ಹೊತ್ತು ದುಡಿದಿದೆ. ಇನ್ನು ಕೆಲವು ತಿಂಗಳು ಕೊಟ್ಟಿಗೆಯಲ್ಲಿಯೇ ನಿಲ್ಲುವ ಗಾಡಿಯಲ್ಲಿಯೂ ಎಣ್ಣೆಯು ತೇವವನ್ನು ಹೀರಿ ಕೆಡುವುದರಿಂದ, ಓಡಿದ ದೂರ ಎಷ್ಟೇ ಕಡಮೆಯಿರಲಿ, ವರ್ಷಕ್ಕೊಮ್ಮೆಯಾದರೂ ಬದಲಾಯಿಸತಕ್ಕದ್ದು.

ಸುಗ್ಗಿಯ ನಡುವೆ ಅವಧಿ ಬಂದರೆ, "ಈ ಲೋಡು ಮುಗಿಯಲಿ, ಬರುವ ವಾರ ನೋಡೋಣ" ಎಂದು ಮುಂದೂಡುವುದು ವಾಡಿಕೆ. ವಾರವು ತಿಂಗಳಾಗುತ್ತದೆ. ಅವಧಿ ಪೂರ್ತಿಯಾಗದಿದ್ದರೂ ಕೊಯಿಲಿಗೆ ಮುಂಚೆಯೇ ಎಣ್ಣೆ ಬದಲಾಯಿಸಿಕೊಳ್ಳುವವನಿಗೆ ಈ ಇಕ್ಕಟ್ಟು ಬರುವುದಿಲ್ಲ.

ಯಾವ ಎಣ್ಣೆ

ಡಬ್ಬಿಯ ಮೇಲೆ 15ಡಬ್ಲ್ಯೂ-40 ಎಂದಿದ್ದರೆ, ಮೊದಲನೆಯ ಅಂಕಿಯು ಚಳಿಯಲ್ಲಿ ಎಣ್ಣೆ ಹರಿಯುವ ಸುಲಭತೆಯನ್ನೂ ಎರಡನೆಯದು ಕಾದ ಎಂಜಿನ್ನಿನಲ್ಲಿ ಅದರ ದಪ್ಪವನ್ನೂ ಸೂಚಿಸುತ್ತದೆ. ಇದಲ್ಲದೆ ಎಣ್ಣೆಯ ದರ್ಜೆಯನ್ನು ಸೂಚಿಸುವ ಅಕ್ಷರಗಳಿರುತ್ತವೆ. ಇವೆರಡೂ ಕೈಪಿಡಿಯಲ್ಲಿ ಹೇಳಿದುದಕ್ಕೆ ಹೊಂದಬೇಕು. 2020ನೆಯ ಏಪ್ರಿಲ್ 1ರಿಂದ ದೇಶದಲ್ಲೆಲ್ಲಾ ಜಾರಿಗೆ ಬಂದ ಬಿಎಸ್-6 ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ತಡೆಯುವ ಫಿಲ್ಟರ್ ಇರುತ್ತದೆ. ಇಂತಹವಕ್ಕೆ ಬೂದಿಯ ಅಂಶ ಕಡಮೆಯುಳ್ಳ ಎಣ್ಣೆಯೇ ಆಗಬೇಕು. ಹಳೆಯ ಗಾಡಿಗೆ ಒಪ್ಪುತ್ತಿದ್ದ ಎಣ್ಣೆಯನ್ನು ಹಾಕಿದರೆ ಅದರ ಬೂದಿಯು ಸುಡದೆ ಉಳಿದು ಆ ಫಿಲ್ಟರನ್ನು ಕಟ್ಟಿಹಾಕುತ್ತದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ, ಪಂಪ್‌ಸೆಟ್ಟಿಗೆ ತಂದು ಉಳಿದ ಎಣ್ಣೆ ಮೊದಲಾದುವನ್ನು ಉಳಿತಾಯಕ್ಕೆಂದು ಪಿಕಪ್ಪಿಗೆ ಸುರಿಯುವುದು ಸರ್ವಥಾ ಕೂಡದು.

ನಕಲಿ ಎಣ್ಣೆಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಅಧಿಕೃತ ಮಾರಾಟಗಾರರಿಂದಲೇ ಕೊಂಡು, ಮೊಹರನ್ನು ಪರೀಕ್ಷಿಸಿ, ರಸೀದಿ ಪಡೆಯತಕ್ಕದ್ದು. ಬರಿದಾದ ಡಬ್ಬಿಯನ್ನು ತೂತು ಮಾಡಿ ಬಿಸಾಡಿದರೆ ಅದರಲ್ಲಿ ಕಳಪೆ ಎಣ್ಣೆ ತುಂಬಿ ಮಾರಲು ಅವಕಾಶವಾಗದು.

ಬದಲಾಯಿಸುವ ಕ್ರಮ

ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಬೆಚ್ಚಗೆ ಮಾಡಿ ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆಯು ಕೊಳೆಯನ್ನು ಕೂಡಿಕೊಂಡು ಪೂರ್ತಿಯಾಗಿ ಇಳಿಯುತ್ತದೆ. ಬರೀ ಜಾಕಿನ ಮೇಲೆ ಎತ್ತಿದ ಗಾಡಿಯ ಕೆಳಗೆ ಯಾರೂ ನುಸುಳಕೂಡದು. ತಳದ ಬಿರಟೆಯನ್ನು ಬಿಚ್ಚಿ ಎಣ್ಣೆಯನ್ನು ಅಗಲವಾದ ಪಾತ್ರೆಗೆ ಇಳಿಸಿ, ಬಿರಟೆಗೆ ಹೊಸ ವಾಷರು ಹಾಕಿ ಬಿಗಿಯಬೇಕು. ಎಣ್ಣೆಯೊಡನೆ ಎಣ್ಣೆ ಫಿಲ್ಟರನ್ನೂ ತಪ್ಪದೆ ಬದಲಾಯಿಸತಕ್ಕದ್ದು. ಹಳೆಯ ಫಿಲ್ಟರನ್ನು ಉಳಿಸಿಕೊಂಡರೆ ಅದರಲ್ಲಿನ ಕೊಳೆ ಹೊಸ ಎಣ್ಣೆಗೆ ಸೇರುತ್ತದೆ. ತಿರುಗಿಸಿ ಕೂಡಿಸುವ ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಸ್ವಲ್ಪ ಹೊಸ ಎಣ್ಣೆ ಸವರಿ ಕೈಯಿಂದಲೇ ಬಿಗಿದರೆ ಸಾಕು.

ಬಳಿಕ ನಿಗದಿಯಾದ ಪ್ರಮಾಣಕ್ಕಿಂತ ತುಸು ಕಡಮೆ ಹಾಕಿ, ಎಂಜಿನ್ ಓಡಿಸಿ ನೋಡಬೇಕು. ಎಣ್ಣೆಯ ಕೆಂಪು ದೀಪವು ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಕೂಡಲೆ ನಿಲ್ಲಿಸಬೇಕು. ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು, ಐದಾರು ನಿಮಿಷ ಬಿಟ್ಟು ಮಟ್ಟ ನೋಡಿ, ಬೇಕಾದಷ್ಟನ್ನು ಸೇರಿಸಬೇಕು. ಹೆಚ್ಚು ಹಾಕಿದರೆ ಒಳ್ಳೆಯದೆಂಬ ಭಾವನೆ ತಪ್ಪು. ಮಿತಿಮೀರಿದ ಎಣ್ಣೆಯನ್ನು ಕ್ರ್ಯಾಂಕು ಕಡೆದು ನೊರೆಯೆಬ್ಬಿಸುತ್ತದೆ, ನೊರೆಯು ಬೇರಿಂಗುಗಳನ್ನು ಕಾಯಲಾರದು.

ನಿತ್ಯದ ಆರೈಕೆ

ಪ್ರತಿದಿನ ಬೆಳಗ್ಗೆ ಎಂಜಿನ್ ಚಾಲು ಮಾಡುವ ಮೊದಲು ಡಿಪ್‌ಸ್ಟಿಕ್ ಎಂಬ ಅಳತೆ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ರೇಡಿಯೇಟರಿನ ನೀರು ಸೇರಿದೆಯೆಂದು ಸಂಶಯಪಟ್ಟು ಗಾಡಿಯನ್ನು ಕದಲಿಸಕೂಡದು. ಸುರಿಯದೆಯೇ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಇಂಧನ ಬೆರೆತಿದೆಯೆಂದು ಅರ್ಥ. ಬಿಎಸ್-6 ಗಾಡಿಗಳು ಮಸಿ ಫಿಲ್ಟರನ್ನು ಸುಟ್ಟು ಶುಚಿಮಾಡಿಕೊಳ್ಳುವಾಗ, ನಡುವೆಯೇ ಎಂಜಿನ್ ನಿಲ್ಲಿಸುವ ಅಭ್ಯಾಸವಿದ್ದಲ್ಲಿ, ಇದು ಸಂಭವಿಸುವುದುಂಟು. ಊರೊಳಗೇ ಓಡಾಡುವ ಗಾಡಿಯನ್ನು ಆಗಾಗ್ಗೆ ಹೆದ್ದಾರಿಯಲ್ಲಿ ಅರ್ಧ ಗಂಟೆಯಷ್ಟು ಒಂದೇ ಸಮನೆ ಓಡಿಸುವುದು ಇದಕ್ಕೆ ಉಪಾಯ.

ಒಂದು ಲೀಟರು ಡೀಸೆಲ್ ಉರಿಯಲು ಕನಿಷ್ಠಪಕ್ಷ ಸುಮಾರು 10,000 ಲೀಟರು ಗಾಳಿ ಬೇಕು. ಧೂಳಿನ ದಾರಿಯಲ್ಲಿ ಗಾಳಿ ಫಿಲ್ಟರಿನ ಹೊಣೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ಹರಿದ ಅಥವಾ ಸಡಿಲವಾದ ಫಿಲ್ಟರಿನ ಮೂಲಕ ನುಗ್ಗುವ ನುಣ್ಣನೆಯ ಮರಳು ಸಿಲಿಂಡರನ್ನು ಸಾಣೆಯಂತೆ ತೇಯುತ್ತದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಕೂಡದು, ಕಲ್ಲಿಗೆ ಬಡಿಯಲೂ ಕೂಡದು. ಅವಧಿಗೆ ಸರಿಯಾಗಿ ಹೊಸದನ್ನು ಹಾಕಬೇಕು.

ರೇಡಿಯೇಟರಿಗೆ ಕೊಳವೆ ಬಾವಿಯ ಗಡಸು ನೀರು ಹಾಕಿದರೆ ಒಳಗೆ ಸುಣ್ಣದಂತಹ ಹಕ್ಕಳೆ ಕಟ್ಟುತ್ತದೆ. ನಿಗದಿಯಾದ ಕೂಲೆಂಟನ್ನೇ ಹಾಕಬೇಕು. ಬಿಸಿಯಾಗಿರುವಾಗ ಮುಚ್ಚಳ ತೆಗೆಯಕೂಡದು. ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರನ್ನು ಕೈಪಿಡಿಯಲ್ಲಿ ಹೇಳಿದಂತೆ ಇಳಿಸಬೇಕು. ಹೊರೆಯೊಡನೆ ಘಟ್ಟ ಹತ್ತಿ ಬಂದ ಟರ್ಬೊ ಗಾಡಿಯನ್ನು ಥಟ್ಟನೆ ನಿಲ್ಲಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಟ್ಟು ನಿಲ್ಲಿಸಬೇಕು. ಟೈರಿನ ಗಾಳಿ, ಚಕ್ರದ ನಟ್ಟು, ಬ್ರೇಕಿನ ದ್ರವದ ಮಟ್ಟ ಇವುಗಳನ್ನು ವಾರಕ್ಕೊಮ್ಮೆಯಾದರೂ ನೋಡತಕ್ಕದ್ದು.

ಗೊಬ್ಬರದ ಯೂರಿಯಾ ಕೂಡದು

ಕೆಲವು ಹೊಸ ಗಾಡಿಗಳಲ್ಲಿ ಹೊಗೆಯನ್ನು ಶುದ್ಧಿಗೊಳಿಸಲು ಡಿ.ಇ.ಎಫ್. ಎಂಬ ದ್ರವದ ಪ್ರತ್ಯೇಕ ತೊಟ್ಟಿಯಿರುತ್ತದೆ. ಇದು ಶುದ್ಧವಾದ ನೀರಿನಲ್ಲಿ ಶೇಕಡಾ 32.5ರಷ್ಟು ಅತಿ ಶುದ್ಧ ಯೂರಿಯಾ ಕರಗಿಸಿದುದು. ಮನೆಯಲ್ಲಿಯೇ ಯೂರಿಯಾ ಮೂಟೆಯಿರುವಾಗ ಹಣ ಕೊಟ್ಟು ಕೊಳ್ಳುವುದೇಕೆಂದು ಗೊಬ್ಬರವನ್ನೇ ಕರಗಿಸಿ ಹಾಕುವ ಯೋಚನೆ ಕೆಲವರಿಗೆ ಬರಬಹುದು. 2015ರಿಂದ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಕ್ಕೆಲ್ಲಾ ಬೇವಿನೆಣ್ಣೆಯ ಲೇಪವಿರುತ್ತದೆ. ಅದರಲ್ಲಿ ಬೈಯುರೆಟ್ ಮೊದಲಾದ ಕಲ್ಮಶಗಳೂ ಉಂಟು. ಇವು ಸೂಕ್ಷ್ಮವಾದ ಪಂಪನ್ನೂ ಸಿಂಚನದ ಬಾಯನ್ನೂ ಕಟ್ಟಿಹಾಕಿ ಬಹಳ ಬೆಲೆಬಾಳುವ ಭಾಗಗಳನ್ನು ಕೆಡಿಸುತ್ತವೆ. ಇದಲ್ಲದೆ ಸಹಾಯಧನದ ಗೊಬ್ಬರವನ್ನು ಬೇಸಾಯವಲ್ಲದ ಕೆಲಸಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ ವಿರುದ್ಧ.

ಇಳಿಸಿದ ಹಳೆಯ ಎಣ್ಣೆ

ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ವಿಷಪದಾರ್ಥಗಳೂ ಸೇರಿರುತ್ತವೆ. ಅದನ್ನು ಬದುವಿಗೆ, ಚರಂಡಿಗೆ, ಬಾವಿಯ ಬಳಿಗೆ ಚೆಲ್ಲಿದರೆ ಭೂಮಿಯೂ ಕುಡಿಯುವ ನೀರೂ ಕೆಡುತ್ತವೆ. ಗೆದ್ದಲಿಗೆಂದು ಕಂಬಗಳಿಗೆ ಬಳಿಯುವುದು, ಉಣ್ಣೆ ಕಜ್ಜಿಗಳಿಗೆಂದು ದನಗಳ ಮೈಗೆ ಸವರುವುದು ಇವೂ ಸಲ್ಲವು. ದನ ಮೈಯನ್ನು ನೆಕ್ಕುವಾಗ ವಿಷವು ಹೊಟ್ಟೆಗೆ ಸೇರುತ್ತದೆ. ಮುಚ್ಚಳವುಳ್ಳ ಡಬ್ಬಿಯಲ್ಲಿ ಸಂಗ್ರಹಿಸಿ, ಗಾಡಿಯ ಸರ್ವಿಸ್ ಕೇಂದ್ರದ ಮೂಲಕ ಅಧಿಕೃತವಾಗಿ ಶುದ್ಧಿಮಾಡುವವರಿಗೆ ಸೇರಿಸತಕ್ಕದ್ದು. ಗ್ರಾಮದ ಮುಖಂಡರು ಊರಿನ ಟ್ರ್ಯಾಕ್ಟರು ಪಿಕಪ್ಪುಗಳಿಗೆಲ್ಲಾ ಸೇರಿ ಒಂದು ಪೀಪಾಯಿಯನ್ನು ಏರ್ಪಡಿಸಿದರೆ ಈ ಕೆಲಸ ಸುಲಭವಾಗುತ್ತದೆ.

ಮಾಲೀಕನ ಪುಸ್ತಕ

ಗಾಡಿಯನ್ನು ಚಾಲಕನ ಕೈಗೆ ಕೊಟ್ಟು, ಎಣ್ಣೆಯ ವಿಷಯವನ್ನು ಆತನೇ ನೋಡಿಕೊಳ್ಳುವನೆಂದು ಸುಮ್ಮನಿರುವ ಮಾಲೀಕರೇ ಹೆಚ್ಚು. ಚಾಲಕರು ಬದಲಾಗುತ್ತಾರೆ, ಹಿಂದೆ ಯಾವಾಗ ಎಣ್ಣೆ ಹಾಕಿತ್ತೆಂಬುದು ಯಾರಿಗೂ ನೆನಪಿರದು. ಇದಕ್ಕೆ ಪರಿಹಾರವು ಬಹು ಸುಲಭ. ಗಾಡಿಗೊಂದು ಸಣ್ಣ ಪುಸ್ತಕವನ್ನಿಟ್ಟು, ಎಣ್ಣೆ ಬದಲಾಯಿಸಿದ ತಾರೀಖು, ಮೀಟರಿನ ಅಂಕಿ, ಎಣ್ಣೆಯ ಹೆಸರು ಮತ್ತು ದರ್ಜೆ, ಹಾಕಿದ ಲೀಟರು, ಫಿಲ್ಟರುಗಳು, ಮುಂದಿನ ಅವಧಿ ಇವನ್ನು ಬರೆದು ರಸೀದಿಗಳನ್ನು ಅದರಲ್ಲಿಯೇ ಇಡಬೇಕು. ನಡುವೆ ಎಣ್ಣೆ ಸೇರಿಸಿದರೆ ಅದನ್ನೂ ಬರೆಯಬೇಕು. ಮೊದಲು ತಿಂಗಳಿಗೆ ಕಾಲು ಲೀಟರು ಹಿಡಿಯುತ್ತಿದ್ದ ಎಂಜಿನ್ನು ಈಗ ಒಂದು ಲೀಟರು ಕೇಳುತ್ತಿದ್ದರೆ, ಆ ಸವಕಲನ್ನು ಮೊದಲು ಹೇಳುವುದು ಈ ಪುಸ್ತಕವೇ. ವಾರಂಟಿಯ ತಕರಾರು ಬಂದಾಗಲೂ ಗಾಡಿಯನ್ನು ಮಾರುವಾಗಲೂ ಇದು ಮಾಲೀಕನ ಪಾಲಿಗೆ ಸಾಕ್ಷಿಯಾಗುತ್ತದೆ.

ಕಂದಾಯದ ರಸೀದಿಯನ್ನೂ ಸಾಲದ ಪತ್ರವನ್ನೂ ಜೋಪಾನ ಮಾಡುವ ಪೆಟ್ಟಿಗೆಯಲ್ಲಿ ಈ ಪುಸ್ತಕಕ್ಕೂ ಸ್ಥಳವಿರಲಿ. ಗ್ರಾಮದಲ್ಲಿ ಹಿರಿಯರೆನಿಸಿದವರು ಈ ಅಭ್ಯಾಸವನ್ನು ಮೊದಲು ತಾವು ಹಿಡಿದರೆ, ಒಂದೇ ಗಾಡಿಯನ್ನು ನಂಬಿ ಸಾಲ ಮಾಡಿರುವ ಸಣ್ಣ ಹಿಡುವಳಿದಾರರಿಗೂ ಅದು ಮೇಲ್ಪಂಕ್ತಿಯಾಗುವುದು.