ಕರುಳಿನ ಒಳಬೇಲಿ: ಲೋಳೆ, ಸೂಕ್ಷ್ಮಜೀವಿಗಳು ಮತ್ತು ಉರಿಯೂತ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಅನೇಕರು ಅದನ್ನು ಮೂಲವ್ಯಾಧಿ ಅಥವಾ ಆಮಶಂಕೆ ಎಂದೇ ಭಾವಿಸುತ್ತಾರೆ. ಸಂಕೋಚದಿಂದ ಮನೆಯವರಿಗೂ ತಿಳಿಸದೆ ಕೈಮದ್ದಿನಲ್ಲಿ ತಿಂಗಳುಗಳನ್ನು ಕಳೆಯುತ್ತಾರೆ. ಆದರೆ ಆ ರಕ್ತದ ಹಿಂದೆ ಕೆಲವೊಮ್ಮೆ ಕರುಳಿನ ದೀರ್ಘಕಾಲದ ಉರಿಯೂತ ಅಡಗಿರುತ್ತದೆ. ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಈ ಬಗೆಯ ಕಾಯಿಲೆಯನ್ನು ಕುರಿತು ನಮ್ಮನ್ನು ವಿಚಾರಿಸುವುದುಂಟು. ಆದ್ದರಿಂದ ವಿಜ್ಞಾನವು ಈ ವಿಷಯದಲ್ಲಿ ಕಂಡುಕೊಂಡಿರುವುದನ್ನು ತಿಳಿಯಾಗಿ ನಿವೇದಿಸಬಯಸುತ್ತೇವೆ.

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರಲ್ಲಿ ಪ್ರಕಟವಾದ ಒಂದು ಅಂದಾಜು. ಇವುಗಳಲ್ಲಿ ಬಹುಪಾಲು ನೆಲೆಸಿರುವುದು ದೊಡ್ಡ ಕರುಳಿನಲ್ಲಿ. ಇಷ್ಟೊಂದು ಜೀವಿಗಳು ಸದಾ ಬಳಿಯಲ್ಲಿದ್ದರೂ ಕರುಳಿನ ಗೋಡೆ ಕೆರಳದೆ ಶಾಂತವಾಗಿರುವುದು ಹೇಗೆ? ಇದಕ್ಕೆ ಮುಖ್ಯ ಉತ್ತರವನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಗುನ್ನಾರ್ ಹ್ಯಾನ್ಸನ್ ಅವರ ತಂಡ 2008ರಲ್ಲಿ ನೀಡಿತು. ಇಲಿಗಳ ದೊಡ್ಡ ಕರುಳನ್ನು ಪರೀಕ್ಷಿಸಿದ ಅವರು ಅಲ್ಲಿ ಲೋಳೆಯು ಎರಡು ಪದರಗಳಲ್ಲಿರುವುದನ್ನು ಗುರುತಿಸಿದರು. ಗೋಡೆಗೆ ಅಂಟಿಕೊಂಡ ಒಳಪದರ ದಟ್ಟವಾಗಿದ್ದು, ಅದರೊಳಗೆ ಬ್ಯಾಕ್ಟೀರಿಯಾಗಳು ಪ್ರವೇಶಿಸಲಾರವು. ಹೊರಪದರ ಸಡಿಲವಾಗಿದ್ದು, ಅದುವೇ ಅವುಗಳ ವಾಸಸ್ಥಾನ. ಗೋಡೆಯಲ್ಲಿರುವ ಬಟ್ಟಲಿನಾಕಾರದ ಗಾಬ್ಲೆಟ್ ಕೋಶಗಳು ಮ್ಯೂಸಿನ್ ಎಂಬ ವಸ್ತುವನ್ನು ಸ್ರವಿಸಿ ಈ ಲೋಳೆಯನ್ನು ನಿರಂತರವಾಗಿ ನವೀಕರಿಸುತ್ತವೆ. ಈ ಮ್ಯೂಸಿನ್ ತಯಾರಾಗದಂತೆ ವಂಶವಾಹಿಯನ್ನು ತೆಗೆದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ಗೋಡೆಯನ್ನೇ ಮುಟ್ಟಿದವು. ಅಂತಹ ಇಲಿಗಳಿಗೆ ಕರುಳಿನ ಉರಿಯೂತ ತಾನಾಗಿಯೇ ಬಂದಿತು.

ಹಾಗೆಂದು ಈ ಸೂಕ್ಷ್ಮಜೀವಿಗಳನ್ನು ಶತ್ರುಗಳೆಂದು ಬಗೆಯಬಾರದು. ನಾವು ಉಣ್ಣುವ ಧಾನ್ಯ, ಕಾಳು, ಸೊಪ್ಪುಗಳ ನಾರು ನಮ್ಮ ಜೀರ್ಣರಸಗಳಿಗೆ ಕರಗುವುದಿಲ್ಲ. ಅದನ್ನು ಹುದುಗಿಸುವ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಆಮ್ಲವನ್ನು ಬಿಡುಗಡೆ ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಇದೇ ಮುಖ್ಯ ಇಂಧನ. ಹೀಗೆ ನಾವು ಅವುಗಳಿಗೆ ಉಣಿಸುತ್ತೇವೆ, ಅವು ನಮ್ಮ ಗೋಡೆಗೆ ಉಣಿಸುತ್ತವೆ.

ನಾರು ದೊರೆಯದಿದ್ದಾಗ ಏನಾಗುತ್ತದೆ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಮತ್ತು ಲಕ್ಸೆಂಬರ್ಗ್‌ನ ಸಂಶೋಧಕರು ಸೇರಿ ನಡೆಸಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಅವರು ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ಕೆಲವಕ್ಕೆ ನಾರಿಲ್ಲದ ಆಹಾರ ನೀಡಿದರು. ಮೇವು ಸಿಗದ ದನ ಬೇಲಿಯ ಸೊಪ್ಪಿಗೆ ಬಾಯಿ ಹಾಕುವಂತೆ, ಆ ಬ್ಯಾಕ್ಟೀರಿಯಾಗಳು ಲೋಳೆಯನ್ನೇ ಮೇಯತೊಡಗಿದವು. ಲೋಳೆ ತೆಳುವಾಯಿತು. ಅನಂತರ ಕರುಳಿನ ರೋಗಾಣುವೊಂದು ಸೋಂಕಿದಾಗ ಅವು ತೀವ್ರವಾದ ಉರಿಯೂತಕ್ಕೆ ಗುರಿಯಾದವು. ಶುದ್ಧೀಕರಿಸಿದ ನಾರಿನ ಪುಡಿಯನ್ನು ಬೆರೆಸಿದ ಆಹಾರವೂ ಲೋಳೆಯ ಸವೆತವನ್ನು ತಡೆಯಲಿಲ್ಲ ಎಂಬುದು ಗಮನಾರ್ಹ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸದು. ಆದರೂ ಇದು ಒಂದು ಎಚ್ಚರಿಕೆ.

ಮನುಷ್ಯರಲ್ಲಿಯೂ ಸುಳಿವುಗಳಿವೆ. ಅಲ್ಸರೇಟಿವ್ ಕೊಲೈಟಿಸ್ ಉಲ್ಬಣಿಸಿರುವ ರೋಗಿಗಳಲ್ಲಿ ಬ್ಯಾಕ್ಟೀರಿಯಾಗಳು ಒಳಪದರದೊಳಕ್ಕೆ ನುಗ್ಗಿರುವುದು ಕಂಡುಬಂದಿದೆ. ಕ್ರೋನ್ಸ್ ಕಾಯಿಲೆಯ ಅನೇಕ ರೋಗಿಗಳಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಕಡಿಮೆಯಾಗಿರುತ್ತವೆ. ಆದರೆ ವಂಶವಾಹಿ, ದೇಹದ ರೋಗನಿರೋಧಕ ವ್ಯವಸ್ಥೆ, ಧೂಮಪಾನ ಮೊದಲಾದವುಗಳ ಪಾತ್ರವೂ ಇಲ್ಲಿರುವುದರಿಂದ, ರೋಗ ಬಂದವರನ್ನು “ನಿನ್ನ ಊಟದ ತಪ್ಪು” ಎಂದು ದೂಷಿಸುವುದು ಸಲ್ಲದು.

ಆರೋಗ್ಯವಂತರು ಮಾಡಬೇಕಾದದ್ದು ಸರಳ. ಜೋಳದ ರೊಟ್ಟಿ, ರಾಗಿ, ನವಣೆ, ಹೆಸರುಕಾಳು, ಹುರುಳಿ, ಮೆಂತ್ಯದ ಸೊಪ್ಪುಗಳಂತಹ ಬಗೆಬಗೆಯ ಆಹಾರ ನಮ್ಮ ಹಿರಿಯರ ತಟ್ಟೆಯಲ್ಲಿದ್ದವು; ಅವು ನಮ್ಮ ತಟ್ಟೆಯಿಂದ ದೂರವಾಗದಿರಲಿ. ವೈದ್ಯರು ಹೇಳದೆ ಪ್ರತಿಜೈವಿಕ ಔಷಧಗಳನ್ನು ನುಂಗುವುದು ಬೇಡ. ಅವು ಹಿತಕರ ಬ್ಯಾಕ್ಟೀರಿಯಾಗಳನ್ನೂ ನಾಶಮಾಡುತ್ತವೆ.

ಆದರೆ ರೋಗವಿರುವವರಿಗೆ ಬೇರೆಯೇ ಮಾತು. ಉರಿಯೂತ ಕೆರಳಿದಾಗ ಅಥವಾ ಕರುಳು ಕಿರಿದಾದಾಗ ಹೆಚ್ಚಿನ ನಾರು ತೊಂದರೆ ತರಬಲ್ಲದು. ಊಟವು ಔಷಧಕ್ಕೆ ಬದಲಿಯಲ್ಲ. ಸ್ವಲ್ಪ ಗುಣ ಕಂಡೊಡನೆ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯನ್ನೇ ಹೋಲುವುದರಿಂದ, ಸರಿಯಾದ ಪರೀಕ್ಷೆಯಿಲ್ಲದೆ ಚಿಕಿತ್ಸೆ ಆರಂಭಿಸುವುದು ಅಪಾಯಕರ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ: ಮಲದಲ್ಲಿ ರಕ್ತ, ವಾರಗಟ್ಟಲೆ ನಿಲ್ಲದ ಭೇದಿ, ರಾತ್ರಿ ನಿದ್ದೆಯಿಂದೆಬ್ಬಿಸುವ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಯಾವುದು ಕಂಡರೂ ನಾಚಿಕೆಯನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗಿರಿ. ಮನೆಯ ಹಿರಿಯರು ಇಂತಹ ಮಾತನ್ನು ಸಹಜವಾಗಿ ಆಲಿಸಿದರೆ ಕಿರಿಯರೂ ಮುಚ್ಚಿಡುವುದಿಲ್ಲ.