ಗ್ಲುಕಗಾನ್: ಸಕ್ಕರೆ ಕುಸಿದಾಗಿನ ಚುಚ್ಚುಮದ್ದು

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಏರುವ ಕಾಯಿಲೆಯೆಂಬುದು ಸರ್ವವಿದಿತ. ಆದರೆ ಇನ್ಸುಲಿನ್ ತೆಗೆದುಕೊಳ್ಳುವ ವಿದ್ಯಾರ್ಥಿಯ ಬಗೆಗೆ ಉಪಾಧ್ಯಾಯರು ಹೆಚ್ಚು ಅಂಜಬೇಕಾದುದು ಸಕ್ಕರೆಯ ಇಳಿತಕ್ಕೆ. ಊಟ ತಪ್ಪಿದಾಗ, ಆಟ ಮಿತಿಮೀರಿದಾಗ, ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತಲೂ ಸಕ್ಕರೆ ಕೆಳಗಿಳಿಯಬಹುದು. ಬೆವರು, ನಡುಕ, ತಡವರಿಸುವ ಮಾತು, ಕಡೆಗೆ ಮೂರ್ಛೆ. ಚೆಟ್ಟಳ್ಳಿಯಂತಹ ಕಾಫಿ ತೋಟಗಳ ನಡುವಣ ಊರಿನಿಂದ ಮಡಿಕೇರಿಯ ಆಸ್ಪತ್ರೆಯನ್ನು ತಲಪುವಷ್ಟರಲ್ಲಿ ಕಳೆಯುವ ಹೊತ್ತೇ ಇಲ್ಲಿ ನಿರ್ಣಾಯಕ.

ಎಚ್ಚರವಿರುವವನಿಗೆ ಚುಚ್ಚುಮದ್ದು ಬೇಕಿಲ್ಲ. 15ರಿಂದ 20 ಗ್ರಾಂ ಗ್ಲೂಕೋಸ್, ಇಲ್ಲವೇ ಸಕ್ಕರೆಯ ನೀರು ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿದರಾಯಿತು. ಕೊಡಗಿನ ಕಿತ್ತಳೆಯ ರಸವೂ ಆದೀತು. ಆದರೆ ಎಚ್ಚರ ತಪ್ಪಿದವನ ಬಾಯಿಗೆ ಅದೇ ರಸವನ್ನು ಹೊಯ್ದರೆ ಶ್ವಾಸನಾಳಕ್ಕಿಳಿದು ಉಸಿರು ಕಟ್ಟೀತು. ಅಕಾರ್ಬೋಸ್, ವೊಗ್ಲಿಬೋಸ್ ಮಾತ್ರೆ ನುಂಗುವವರಲ್ಲಿ ಸಾಮಾನ್ಯ ಸಕ್ಕರೆ ಬೇಗ ಜೀರ್ಣವಾಗದು. ಅವರಿಗೆ ಗ್ಲೂಕೋಸನ್ನೇ ಕೊಡತಕ್ಕದ್ದು.

ಮೂರ್ಛೆ ಹೋದವನಿಗಾಗಿ ಇರುವುದೇ ಗ್ಲುಕಗಾನ್. 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಎಂಬ ವಿಜ್ಞಾನಿಗಳು ಈ ಹೆಸರಿಟ್ಟರು. ಇನ್ಸುಲಿನ್ ಹುಟ್ಟುವ ಮೇದೋಜೀರಕ ಗ್ರಂಥಿಯಲ್ಲೇ ಇದೂ ಹುಟ್ಟುತ್ತದೆ. ಕೆಲಸ ಮಾತ್ರ ತದ್ವಿರುದ್ಧ. ವಯಸ್ಕರಿಗೆ 1 ಮಿಲಿಗ್ರಾಂ, ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಅದರ ಅರ್ಧ. ತೂಕ ನೋಡಿ ವೈದ್ಯರು ಬರೆದುಕೊಟ್ಟಂತೆಯೇ ಕೊಡಬೇಕು. ಪುಡಿಯ ರೂಪದಲ್ಲಿದ್ದರೆ, ದ್ರವದೊಡನೆ ಬೆರೆಸಿದ ಕೂಡಲೇ ಬಳಸಬೇಕು, ಉಳಿದುದನ್ನು ಎತ್ತಿಡಲಾಗದು.

ಇಲ್ಲೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಈ ಮದ್ದಿನಲ್ಲಿ ಸಕ್ಕರೆಯೇ ಇಲ್ಲ. ಪಿತ್ತಜನಕಾಂಗವು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಅದು ಹೊರಡಿಸುತ್ತದೆ, ಅಷ್ಟೆ. ಕಣಜ ಬರಿದಾಗಿದ್ದರೆ ಬೀಗ ತೆಗೆದು ಫಲವೇನು? ದೀರ್ಘ ಉಪವಾಸವಿದ್ದವರಲ್ಲಿ, ಬಹುದಿನಗಳಿಂದ ಅರೆಹೊಟ್ಟೆಯಲ್ಲಿದ್ದವರಲ್ಲಿ, ಬರಿಹೊಟ್ಟೆಯಲ್ಲಿ ಮದ್ಯ ಕುಡಿದವರಲ್ಲಿ ಅದು ನಿಷ್ಫಲವಾಗಬಹುದು. ಇಂತಹವರಿಗೆ ರಕ್ತನಾಳದ ಮೂಲಕ ಗ್ಲೂಕೋಸೇ ಬೇಕು. ಶಿವರಾತ್ರಿಯ ಉಪವಾಸವಾಗಲಿ ರಂಜಾನಿನ ಉಪವಾಸವಾಗಲಿ, ಇನ್ಸುಲಿನ್ ತೆಗೆದುಕೊಳ್ಳುವವರು ಮುಂಚಿತವಾಗಿ ವೈದ್ಯರನ್ನು ಕೇಳುವುದು ಆದ್ದರಿಂದಲೇ ಅಗತ್ಯ.

ಇತರ ಔಷಧಿಗಳೊಡನೆಯೂ ಇದರ ಸಂಬಂಧ ಸರಳವಲ್ಲ. ರಕ್ತದೊತ್ತಡಕ್ಕೆ ಪ್ರೊಪ್ರನಲಾಲ್‌ನಂತಹ ಮಾತ್ರೆ ಸೇವಿಸುವವರಲ್ಲಿ ಗ್ಲುಕಗಾನ್ ನಾಡಿಬಡಿತವನ್ನೂ ಒತ್ತಡವನ್ನೂ ಕೆಲಹೊತ್ತು ಏರಿಸಬಹುದು; ಅದಕ್ಕೂ ಮೊದಲೇ, ಸಕ್ಕರೆ ಇಳಿದಾಗಿನ ಎದೆಬಡಿತ ಮತ್ತು ನಡುಕಗಳನ್ನು ಆ ಮಾತ್ರೆ ಮರೆಮಾಚಿರುತ್ತದೆ. ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚೀತು. ಇಂಡೊಮೆಥಸಿನ್ ಇದರ ಫಲವನ್ನೇ ಕುಗ್ಗಿಸಬಹುದು. ಅಡ್ರಿನಲ್ ಗ್ರಂಥಿಯ ಫಿಯೊಕ್ರೊಮೊಸೈಟೋಮ ಎಂಬ ಗೆಡ್ಡೆಯುಳ್ಳವರಿಗೂ ಇನ್ಸುಲಿನ್ ಸ್ರವಿಸುವ ಗೆಡ್ಡೆಯುಳ್ಳವರಿಗೂ ಇದನ್ನು ಕೊಡಲೇಬಾರದು.

ಚುಚ್ಚಿದೊಡನೆ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ವಾಂತಿ ಸಾಮಾನ್ಯ. ಅದೇ ವೇಳೆಗೆ ಮತ್ತೊಬ್ಬರು 108ಕ್ಕೆ ಕರೆಮಾಡಲಿ. ಸುಮಾರು 15 ನಿಮಿಷಗಳಲ್ಲಿ ಎಚ್ಚರವಾಗಬೇಕು. ನುಂಗುವಷ್ಟು ಚೇತರಿಸಿಕೊಂಡ ಮೇಲೆ ಸಿಹಿಯನ್ನೂ ಅನಂತರ ಊಟವನ್ನೂ ಕೊಡುವುದು. ಗ್ಲಿಬೆನ್‌ಕ್ಲಮೈಡ್‌ನಂತಹ ದೀರ್ಘ ಪರಿಣಾಮದ ಮಾತ್ರೆಯಿಂದ ಸಕ್ಕರೆ ಇಳಿದಿದ್ದರೆ, ಎದ್ದು ಕುಳಿತವನು ಗಂಟೆಗಳ ಬಳಿಕ ಮತ್ತೆ ಕುಸಿಯಬಹುದು. ಆಸ್ಪತ್ರೆಗೆ ಒಯ್ಯುವುದನ್ನು ಬಿಡಬಾರದು.

ಈ ಮದ್ದು ಎಲ್ಲ ಅಂಗಡಿಗಳಲ್ಲೂ ದೊರೆಯದು. ವೈದ್ಯರ ಚೀಟಿಯೊಡನೆ ಮೊದಲೇ ತರಿಸಿಡಬೇಕು. ಪೆಟ್ಟಿಗೆಯ ಮೇಲಿನ ಅವಧಿಯನ್ನು ಪ್ರತಿ ಶಾಲಾವರ್ಷದ ಆರಂಭದಲ್ಲಿ ನೋಡಬೇಕು. ಅದನ್ನಿಟ್ಟ ಕಪಾಟಿನ ಬೀಗದ ಕೈ ರಜೆಯ ಮೇಲಿರುವ ಒಬ್ಬರ ಬಳಿಯೇ ಉಳಿದಿರಕೂಡದು.